ಸಗಣಿ ತೋಟಕ್ಕೆ, ಯೂರಿಯಾ ಹುಲ್ಲಿಗೆ: ಮೇವಿನ ತಾಕಿನ ಮಣ್ಣು ಸೊರಗುವ ಬಗೆ

ಹೈನುಗಾರಿಕೆ ಇರುವ ಯಾವ ಊರಿಗೆ ಹೋದರೂ ಕೊಟ್ಟಿಗೆಯ ಹಿಂದೆ ಐದೋ ಹತ್ತೋ ಗುಂಟೆ ಸೀಮೆಹುಲ್ಲಿನ ತಾಕು ಕಾಣುತ್ತದೆ. ನೇಪಿಯರ್ ಅನ್ನಿ, ಆನೆಹುಲ್ಲು ಅನ್ನಿ, ದಿನಾ ಕುಡುಗೋಲು ಬೀಳುವ ಜಾಗ ಅದು. ವರ್ಷಕ್ಕೆ ಏಳೆಂಟು ಕೊಯ್ಲು. ಪ್ರತಿ ಕೊಯ್ಲಾದ ಮೇಲೆ ಬುಡಕ್ಕೊಂದು ಹಿಡಿ ಯೂರಿಯಾ, ಅದರ ಮೇಲೆ ನೀರು. ವಾರದಲ್ಲಿ ಹುಲ್ಲು ಕಪ್ಪು ಹಸಿರಾಗಿ ಚಿಗುರುತ್ತದೆ. ಆ ಹುಲ್ಲು ತಿಂದ ಹಸುವಿನ ಸಗಣಿ ಮಾತ್ರ ಅಡಿಕೆಗೆ ಹೋಗುತ್ತದೆ, ತೆಂಗಿಗೆ ಹೋಗುತ್ತದೆ, ಟೊಮೆಟೊಗೆ, ಶುಂಠಿಗೆ ಹೋಗುತ್ತದೆ. ಮಿಕ್ಕದ್ದು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಹುಲ್ಲಿನ ತಾಕಿಗೆ ಒಂದು ಪುಟ್ಟಿಯೂ ಬರುವುದಿಲ್ಲ.

ಮೂರನೆಯದೋ ನಾಲ್ಕನೆಯದೋ ವರ್ಷಕ್ಕೆ ಮಾತು ಶುರುವಾಗುತ್ತದೆ: "ಯಾಕೋ ಹುಲ್ಲು ಮೊದಲಿನಂಗೆ ಏಳ್ತಿಲ್ಲ, ಎರಡು ಹಿಡಿ ಹಾಕಿದ್ರೂ ಅಷ್ಟೇ." ಕೆಲವರು ತಳಿಯನ್ನು ದೂರಿ ಹೊಸ ಕಡ್ಡಿ ತಂದು ನೆಡುತ್ತಾರೆ, ಕೆಲವರು ಯೂರಿಯಾ ಹೆಚ್ಚಿಸುತ್ತಾರೆ. ನನ್ನನ್ನು ಕೇಳಿದರೆ ಮೊದಲು ವಿಚಾರಿಸಿಕೊಳ್ಳಬೇಕಾದ್ದು ಸಗಣಿ ಹಿಡಿದ ದಾರಿಯನ್ನು. ಅದನ್ನು ಮೇವಿನ ತಾಕಿನ ಕಡೆ ತಿರುಗಿಸದೆ ಮಣ್ಣಿನ ಜೀವವನ್ನು ಉಳಿಸುವುದು ಕಷ್ಟ ಎಂಬುದಕ್ಕೆ ಸಾಕಷ್ಟು ಪುರಾವೆ ನಮ್ಮ ಮುಂದಿದೆ.

1856ರಿಂದ ಕೊಯ್ಯುತ್ತಲೇ ಇರುವ ಹುಲ್ಲು

ಹುಲ್ಲಿಗೆ ವರ್ಷಾನುಗಟ್ಟಲೆ ಒಂದೇ ಗೊಬ್ಬರ ಹಾಕಿದರೆ ಏನಾಗುತ್ತದೆ ಎಂಬುದರ ಅತಿ ದೀರ್ಘ ದಾಖಲೆ ಇಂಗ್ಲೆಂಡಿನಲ್ಲಿದೆ. ಲಂಡನ್ನಿನ ಉತ್ತರಕ್ಕೆ ಹಾರ್ಪೆಂಡೆನ್ ಊರಿನ ರಾಥಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1856ರಲ್ಲಿ ಆರಂಭಿಸಿದ 'ಪಾರ್ಕ್ ಗ್ರಾಸ್' ಪ್ರಯೋಗ ಇಂದಿಗೂ ನಡೆಯುತ್ತಿದೆ. ಜಾಗ ಸುಮಾರು ಏಳು ಎಕರೆ. ಲಾಸ್ ಸ್ವತಃ ಸೂಪರ್ ಫಾಸ್ಫೇಟ್ ಕಾರ್ಖಾನೆಯ ಒಡೆಯ. ಯಾವ ಗೊಬ್ಬರಕ್ಕೆ ಎಷ್ಟು ಒಣಹುಲ್ಲು ಬರುತ್ತದೆ ಎಂದು ತಿಳಿಯುವುದಷ್ಟೇ ಆಗಿನ ಉದ್ದೇಶ. ಹಳೆಯ ಹುಲ್ಲುಗಾವಲನ್ನು ತಾಕುಗಳಾಗಿ ಗುರುತಿಸಿ ಒಂದಕ್ಕೆ ಏನೂ ಹಾಕಲಿಲ್ಲ, ಒಂದಕ್ಕೆ ಅಮೋನಿಯಂ ಸಲ್ಫೇಟ್, ಇನ್ನೊಂದಕ್ಕೆ ಸೋಡಿಯಂ ನೈಟ್ರೇಟ್, ಮತ್ತೊಂದಕ್ಕೆ ರಂಜಕ ಮತ್ತು ಪೊಟ್ಯಾಷ್, ಹೀಗೆ ಹಂಚಿದರು. ವರ್ಷಕ್ಕೆ ಎರಡು ಸಲ ಕೊಯ್ದು ಹುಲ್ಲನ್ನು ಹೊರಗೆ ಸಾಗಿಸುತ್ತಾರೆ. ನಮ್ಮ ಮೇವಿನ ತಾಕಿನಲ್ಲಿ ಆಗುವುದೂ ಇದೇ.

ಏನೂ ಹಾಕದ ತಾಕಿನಲ್ಲಿ ಇಂದಿಗೂ ಸುಮಾರು 40 ಜಾತಿಯ ಗಿಡಗಳಿವೆ. ಸುಣ್ಣ ಕಾಣದೆ ಅಮೋನಿಯಂ ಸಲ್ಫೇಟನ್ನೇ ಹೆಚ್ಚು ಉಂಡ ತಾಕಿನಲ್ಲಿ ಉಳಿದದ್ದು ಎರಡು ಮೂರು ಜಾತಿ. ಅಲ್ಲಿ ಮಣ್ಣಿನ ರಸಸಾರ, ಅಂದರೆ ಪಿಎಚ್, 3.5ರ ಆಸುಪಾಸಿಗೆ ಇಳಿದಿದೆ, ಮಜ್ಜಿಗೆಗಿಂತಲೂ ಹುಳಿ. ಎರೆಹುಳು ಇಲ್ಲ. ಸತ್ತ ಹುಲ್ಲು ಕೊಳೆಯದೆ ವರ್ಷದಿಂದ ವರ್ಷಕ್ಕೆ ನೆಲದ ಮೇಲೆ ಚಾಪೆಯಂತೆ ಪೇರಿಕೊಂಡಿದೆ. ಕೊಳೆಸುವವರು ಇಲ್ಲದಿದ್ದರೆ ಮಣ್ಣಿನ ಮೇಲೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಬೇರೊಂದಿಲ್ಲ.

ಅದೇ ಹೊಲದಲ್ಲಿ ಸಾರಜನಕವನ್ನು ಸೋಡಿಯಂ ನೈಟ್ರೇಟ್ ರೂಪದಲ್ಲಿ ಪಡೆದ ತಾಕುಗಳು ಹೀಗೆ ಹುಳಿಯಾಗಲಿಲ್ಲ, ಅಲ್ಲಿ ಜಾತಿಗಳೂ ಹೆಚ್ಚು ಉಳಿದವು. ಸಾರಜನಕ ಕೊಡದೆ ರಂಜಕ, ಪೊಟ್ಯಾಷ್ ಮಾತ್ರ ಕೊಟ್ಟ ತಾಕಿನಲ್ಲಿ ಕ್ಲೋವರಿನಂಥ ದ್ವಿದಳ ಗಿಡಗಳು ತುಂಬಿಕೊಂಡವು. ಗಾಳಿಯ ಸಾರಜನಕವನ್ನು ಅವೇ ತಂದುಕೊಟ್ಟವು, ಇಳುವರಿಯೂ ಏನೂ ಹಾಕದ ತಾಕಿಗಿಂತ ಬಹಳ ಮೇಲಿತ್ತು. 1990ರಲ್ಲಿ ಕೆಲವು ತಾಕುಗಳ ಅರ್ಧ ಭಾಗಕ್ಕೆ ಸಾರಜನಕ ನಿಲ್ಲಿಸಿ ನೋಡಿದರು. ಕಳೆದುಹೋದ ಜಾತಿಗಳು, ಮುಖ್ಯವಾಗಿ ದ್ವಿದಳಗಳು, ನಿಧಾನವಾಗಿ ಮರಳಿದವು. ನೂರು ವರ್ಷಕ್ಕೂ ಮಿಕ್ಕಿ ಕೆಟ್ಟದ್ದು ಎರಡು ದಶಕದಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡಿತು ಎಂಬುದು ನನಗೆ ಈ ಪ್ರಯೋಗದ ಅತಿ ದೊಡ್ಡ ಸಮಾಧಾನ.

ಹುಳಿ ಹುಟ್ಟುವ ಬಗೆ

ಯೂರಿಯಾ ನೆಲಕ್ಕೆ ಬಿದ್ದ ಮೇಲೆ ಮಣ್ಣಿನ ಜೀವಾಣುಗಳು ಹೊರಸೂಸಿದ ಕಿಣ್ವವೊಂದು ಅದನ್ನು ಒಡೆದು ಅಮೋನಿಯಂ ಮಾಡುತ್ತದೆ. ಆ ಅಮೋನಿಯಮನ್ನು ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ. ಈ ಎರಡನೆಯ ಹಂತದಲ್ಲಿ ಆಮ್ಲ ಹುಟ್ಟುತ್ತದೆ. ಹುಲ್ಲು ಆ ನೈಟ್ರೇಟನ್ನೆಲ್ಲ ಹೀರಿಕೊಂಡರೆ ಹುಳಿ ಸ್ವಲ್ಪ ತಣಿಯುತ್ತದೆ. ಹಾಕಿದ್ದು ಹೆಚ್ಚಾಗಿ ನೈಟ್ರೇಟ್ ನೀರಿನೊಂದಿಗೆ ಕೆಳಕ್ಕೆ ಬಸಿದು ಹೋದರೆ ಹುಳಿ ಮಣ್ಣಿನಲ್ಲೇ ಉಳಿಯುತ್ತದೆ, ಸುಣ್ಣದಂಶ ಕೊಚ್ಚಿಹೋಗುತ್ತದೆ. 100 ಕೆ.ಜಿ. ಯೂರಿಯಾ ಹುಟ್ಟಿಸುವ ಆಮ್ಲವನ್ನು ತಣಿಸಲು ಸುಮಾರು 80 ಕೆ.ಜಿ. ಸುಣ್ಣದ ಕಲ್ಲಿನ ಪುಡಿ ಬೇಕು. ಅಮೋನಿಯಂ ಸಲ್ಫೇಟಿಗಾದರೆ ಸುಮಾರು 110 ಕೆ.ಜಿ.

ಇದರ ಜೊತೆಗೆ ಮೇವಿನ ಬೆಳೆಗೇ ಇರುವ ಒಂದು ತೊಂದರೆ ಸೇರಿಕೊಳ್ಳುತ್ತದೆ. ರಾಗಿ ಕೊಯ್ದರೆ ಕೂಳೆಯಾದರೂ ಹೊಲದಲ್ಲಿ ಉಳಿಯುತ್ತದೆ. ಮೇವನ್ನು ಬುಡಮಟ್ಟ ಕೊಯ್ದು ಒಯ್ಯುತ್ತೇವೆ. ಎಲೆ, ಕಾಂಡದ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲವೂ ಹೋಗುತ್ತವೆ. ಮಣ್ಣಿನ ಹುಳಿಯನ್ನು ತಡೆದು ನಿಲ್ಲಿಸಬೇಕಾದವೇ ಅವು.

ರಸಸಾರ 5.5ಕ್ಕಿಂತ ಕೆಳಗೆ ಜಾರಿದಂತೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಗಳನ್ನು ಮೊಂಡು ಮಾಡುತ್ತದೆ. ಬ್ಯಾಕ್ಟೀರಿಯಾಗಳ ಬಲ ಕುಗ್ಗುತ್ತದೆ, ಹುಳಿ ತಾಳುವ ಶಿಲೀಂಧ್ರಗಳು ಮಾತ್ರ ಮುಂದೆ ಬರುತ್ತವೆ, ಎರೆಹುಳು ಜಾಗ ಬಿಡುತ್ತದೆ. ದ್ವಿದಳ ಮೇವಿನ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಸೊರಗುತ್ತದೆ. ಕುದುರೆ ಮಸಾಲೆಯ ಗಂಟಿನ ಬ್ಯಾಕ್ಟೀರಿಯಾ ಅಂತೂ ಇನ್ನೂ ನಾಜೂಕು, ರಸಸಾರ 6ರ ಕೆಳಗೆ ಇಳಿದರೇ ಅದಕ್ಕೆ ಆಗಿಬರುವುದಿಲ್ಲ.

ರಂಜಕದ ಗೊಬ್ಬರವಾದ ಡಿಎಪಿಯ ಕತೆ ಬೇರೆ. ಹುಲ್ಲು, ಜೋಳಗಳ ಬೇರಿನೊಳಗೆ ಹೊಕ್ಕು ಮಣ್ಣಿನಲ್ಲಿ ದೂರ ದೂರಕ್ಕೆ ಎಳೆ ಚಾಚುವ ಮೈಕೊರೈಜಾ ಎಂಬ ಶಿಲೀಂಧ್ರ ರಂಜಕ, ಸತುವನ್ನು ತಂದು ಗಿಡಕ್ಕೆ ಕೊಡುತ್ತದೆ, ಬದಲಿಗೆ ಸಕ್ಕರೆ ಪಡೆಯುತ್ತದೆ. ವರ್ಷಾ ವರ್ಷಾ ಡಿಎಪಿ ಸುರಿದು ಮಣ್ಣಿನಲ್ಲಿ ರಂಜಕ ತುಂಬಿದ್ದರೆ ಗಿಡ ಈ ಕೊಡುಕೊಳ್ಳುವಿಕೆಯನ್ನು ಕಡಿಮೆ ಮಾಡುತ್ತದೆ. ರಂಜಕಕ್ಕೇನೂ ಕೊರತೆಯಾಗದು, ಸತುವಿಗೆ ಆಗುತ್ತದೆ. ಮೇವಿನ ಮೆಕ್ಕೆಜೋಳದ ಎಳೆಯ ಎಲೆಗಳು ಬುಡದ ಕಡೆಯಿಂದ ಬಿಳಿಚಿಕೊಂಡು ಬಂದರೆ ಮಣ್ಣು ಪರೀಕ್ಷೆಯ ವರದಿಯಲ್ಲಿ ರಂಜಕದ ಅಂಕಿಯನ್ನೂ ಸತುವಿನ ಅಂಕಿಯನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಗೊಬ್ಬರವೇ ವಿಷವೇ?

ಅಲ್ಲ. ಇದನ್ನು ಖಚಿತವಾಗಿಯೇ ಹೇಳಬೇಕು, ಏಕೆಂದರೆ ರಾಸಾಯನಿಕ ಗೊಬ್ಬರ ಬಿದ್ದ ತಕ್ಷಣ ಮಣ್ಣಿನ ಜೀವಿಗಳೆಲ್ಲ ಸಾಯುತ್ತವೆ ಎಂಬ ಮಾತು ಸಭೆಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇನಿಯಲ್ ಗೈಸ್ಲರ್ ಮತ್ತು ಕೇಟ್ ಸ್ಕೋ ಜಗತ್ತಿನ 64 ದೀರ್ಘಾವಧಿ ಪ್ರಯೋಗಗಳ ಲೆಕ್ಕವನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಅವೆಲ್ಲ ಉಳುವ ಭೂಮಿಯ ಪ್ರಯೋಗಗಳು. ಗೊಬ್ಬರವೇ ಕಾಣದ ತಾಕುಗಳಿಗೆ ಹೋಲಿಸಿದರೆ ಗೊಬ್ಬರ ಕಂಡ ತಾಕುಗಳಲ್ಲಿ ಸೂಕ್ಷ್ಮಜೀವಿಗಳ ಒಟ್ಟು ತೂಕ ಸರಾಸರಿ ಶೇ 15ರಷ್ಟು ಹೆಚ್ಚೇ ಇತ್ತು. ಬೆಳೆ ಚೆನ್ನಾಗಿ ಬಂದರೆ ಬೇರು ಹೆಚ್ಚು, ಬೇರು ಹೆಚ್ಚಿದ್ದರೆ ಮಣ್ಣಿನ ಜೀವಿಗಳಿಗೆ ಊಟ ಹೆಚ್ಚು. ಆದರೆ ಈ ಲಾಭ ರಸಸಾರಕ್ಕೆ ಕಟ್ಟುಬಿದ್ದಿತ್ತು: 5ಕ್ಕಿಂತ ಕೆಳಗಿಳಿದ ಮಣ್ಣಿನಲ್ಲಿ ಅದೇ ಗೊಬ್ಬರ ಜೀವಿಗಳನ್ನು ಕಡಿಮೆ ಮಾಡಿತ್ತು.

ನಮ್ಮಲ್ಲೂ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1970ರಿಂದ ಇಂಥ ದೀರ್ಘಾವಧಿ ಪ್ರಯೋಗಗಳನ್ನು ನಡೆಸಿಕೊಂಡು ಬಂದಿದೆ. ಹಿಮಾಚಲದ ಪಾಲಂಪುರದ ಹುಳಿ ಮಣ್ಣಿನಲ್ಲಿ ಬರೀ ಸಾರಜನಕ ಕಂಡ ತಾಕಿನ ಮೆಕ್ಕೆಜೋಳ, ಗೋಧಿಯ ಇಳುವರಿ ಕೊನೆಗೆ ಸೊನ್ನೆಗೆ ಬಂತು. ಪಕ್ಕದಲ್ಲೇ ಪೂರ್ಣ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರವನ್ನೋ ಸುಣ್ಣವನ್ನೋ ಪಡೆದ ತಾಕುಗಳು ಬೆಳೆ ಕೊಡುತ್ತಲೇ ಇದ್ದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಂಪು ಮಣ್ಣಿನಲ್ಲಿ ರಾಗಿ, ಮೆಕ್ಕೆಜೋಳದ ಪ್ರಯೋಗ ಹೇಳಿದ್ದೂ ಅದನ್ನೇ. ಕೋಲಾರ, ತುಮಕೂರು, ರಾಮನಗರದ ಹೈನುಗಾರರ ಕಾಲ ಕೆಳಗಿರುವುದು ಬಹುಪಾಲು ಇಂಥದ್ದೇ ಕೆಂಪು ಮಣ್ಣು.

ಹುಲ್ಲಿನ ಜೊತೆ ಹೊರಟುಹೋಗುವುದೆಷ್ಟು

ಒಂದು ಟನ್ ಹಸಿ ನೇಪಿಯರ್‌ನಲ್ಲಿ ಒಣ ಅಂಶ ಸುಮಾರು 200 ಕೆ.ಜಿ. ಅದರಲ್ಲಿ ಸರಿಸುಮಾರು 3 ಕೆ.ಜಿ. ಸಾರಜನಕ, 4 ಕೆ.ಜಿ. ಪೊಟ್ಯಾಷಿಯಂ. ದಿನಕ್ಕೆ 25ರಿಂದ 30 ಕೆ.ಜಿ. ಹಸಿ ಮೇವು ತಿನ್ನುವ ಒಂದು ಹಸು ವರ್ಷಕ್ಕೆ ಹತ್ತು ಟನ್ ತಿನ್ನುತ್ತದೆ. ಅಂದರೆ ಒಂದು ಹಸುವಿನ ಬಾಯಿ ಮೂಲಕ ತಾಕಿನಿಂದ ವರ್ಷಕ್ಕೆ 30 ಕೆ.ಜಿ. ಸಾರಜನಕ, 40 ಕೆ.ಜಿ. ಪೊಟ್ಯಾಷಿಯಂ ಹೊರಟಿತು. ಹಾಲಿಗೆ ಹೋಗುವುದು ಇದರಲ್ಲಿ ಸಣ್ಣ ಪಾಲು. ತಿಂದ ಸಾರಜನಕದ ಸುಮಾರು ಮುಕ್ಕಾಲು ಭಾಗ, ಪೊಟ್ಯಾಷಿಯಂನ ಅದಕ್ಕೂ ಹೆಚ್ಚು ಭಾಗ ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ಪೊಟ್ಯಾಷಿಯಂ ಮುಖ್ಯವಾಗಿ ಇರುವುದು ಗಂಜಲದಲ್ಲಿ.

ಇದನ್ನೆಲ್ಲ ಅಡಿಕೆ ತೋಟಕ್ಕೆ ಕಳಿಸಿ ಹುಲ್ಲಿಗೆ ಬರೀ ಯೂರಿಯಾ ಕೊಟ್ಟರೆ ಸಾರಜನಕವೊಂದೇ ವಾಪಸಾಗುತ್ತದೆ. ಪೊಟ್ಯಾಷ್ ಇಲ್ಲ, ಸುಣ್ಣದಂಶ ಇಲ್ಲ, ಜೀವಿಗಳು ತಿನ್ನಬೇಕಾದ ಇಂಗಾಲವಂತೂ ಇಲ್ಲವೇ ಇಲ್ಲ. ಬೇಸರ ತರಿಸುವ ಸಂಗತಿಯೆಂದರೆ, ಉಳದೆ ಬಿಟ್ಟ, ವರ್ಷವಿಡೀ ಬೇರು ಜೀವಂತ ಇರುವ ಈ ಬಹುವಾರ್ಷಿಕ ಹುಲ್ಲಿನ ತಾಕು ಜಮೀನಿನಲ್ಲೇ ಅತ್ಯಂತ ಜೀವ ತುಂಬಿದ ಮಣ್ಣಾಗಬೇಕಿತ್ತು.

ಪ್ರಮಾಣದ ಲೆಕ್ಕವೂ ಇಲ್ಲೇ ಸಿಗುತ್ತದೆ. ಹತ್ತು ಗುಂಟೆಯಲ್ಲಿ ಒಂದು ಕೊಯ್ಲಿಗೆ ಮೂರು ಟನ್ ಮೇವು ಬಂದರೆ ಹೊರಗೆ ಹೋದ ಸಾರಜನಕ 9 ಕೆ.ಜಿ. ಯೂರಿಯಾದಲ್ಲಿ ಸಾರಜನಕ ಶೇ 46 ಇರುವುದರಿಂದ 20 ಕೆ.ಜಿ. ಯೂರಿಯಾ ಅದಕ್ಕೆ ಸಮ. 45 ಕೆ.ಜಿ.ಯ ಮೂಟೆಯನ್ನು ಒಂದೇ ಕೊಯ್ಲಿಗೆ ಪೂರ್ತಿ ಮುಗಿಸಿದರೆ ಅರ್ಧಕ್ಕಿಂತ ಹೆಚ್ಚಿನದನ್ನು ಹುಲ್ಲು ತಿನ್ನಲಾರದು. ತಿನ್ನದೆ ಉಳಿದದ್ದು ಗಾಳಿಗೆ, ಕೊಳವೆಬಾವಿಯ ನೀರಿಗೆ, ಮಣ್ಣಿನ ಹುಳಿಗೆ.

ಅಗೆದು ನೋಡಿ

2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ರಸಸಾರ, ಸಾವಯವ ಇಂಗಾಲ, ಲವಣಾಂಶ, ಉಳಿದವು ಪೋಷಕಾಂಶ. ಮಣ್ಣಿನ ಜೀವಿಗಳ ಬಗ್ಗೆ ನೇರವಾಗಿ ಒಂದು ಸಾಲೂ ಇಲ್ಲ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಜೀವಿಗಳು ಉಪವಾಸ ಇವೆ ಎಂದು ಊಹಿಸಬಹುದು ಅಷ್ಟೆ. ಉಳಿದದ್ದನ್ನು ನಾವೇ ನೋಡಬೇಕು, ಅದಕ್ಕೆ ಗುದ್ದಲಿ ಸಾಕು.

ಮುಂಗಾರು ಹಿಡಿದು ಮಣ್ಣು ಚೆನ್ನಾಗಿ ನೆನೆದ ಮೇಲೆ, ಎರಡು ಹುಲ್ಲಿನ ಬುಡಗಳ ನಡುವೆ ಒಂದು ಅಡಿ ಅಗಲ, ಒಂದು ಅಡಿ ಉದ್ದ, ಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ ಆಳಕ್ಕೆ ಮಣ್ಣು ತೆಗೆದು ಗೋಣಿಚೀಲದ ಮೇಲೆ ಹಾಕಿ. ಬೇಸಿಗೆಯಲ್ಲಿ ಈ ಕೆಲಸ ಬೇಡ, ಹುಳು ಆಳಕ್ಕೆ ಇಳಿದಿರುತ್ತದೆ. ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಿರಿ. ಜೀವ ಇರುವ ಮಣ್ಣು ಕಾಳು ಕಾಳಾಗಿ ಉದುರುತ್ತದೆ, ಒಳಗೆ ಹುಳು ಓಡಾಡಿದ ನಯವಾದ ತೂತುಗಳಿರುತ್ತವೆ, ಬಿಳಿ ಬೇರು ಆ ತೂತು ಹಿಡಿದು ಇಳಿದಿರುತ್ತದೆ, ಮೊದಲ ಮಳೆಯ ವಾಸನೆ ಬರುತ್ತದೆ. ಯೂರಿಯಾದಲ್ಲೇ ಬೆಳೆದ ತಾಕಿನ ಹೆಂಟೆ ಹಲಗೆ ಹಲಗೆಯಾಗಿ ಸೀಳುತ್ತದೆ. ಬೇರು ಮೇಲಿನ ಎರಡು ಮೂರು ಅಂಗುಲದಲ್ಲೇ ಜಡೆಗಟ್ಟಿ ಅಡ್ಡಕ್ಕೆ ಹರಡಿರುತ್ತದೆ. ಹಿಂದಿನ ಕೊಯ್ಲಿನ ಕೂಳೆ, ತರಗು ಬಣ್ಣಗೆಟ್ಟರೂ ಕರಗದೆ ಹಾಗೇ ಕುಳಿತಿರುತ್ತದೆ. ಎರೆಹುಳು ಎಣಿಸಿ. ಹತ್ತು ದಾಟಿದರೆ ಒಳ್ಳೆಯ ಲಕ್ಷಣ. ಒಂದೂ ಸಿಗದಿದ್ದರೆ ಅದೇ ಅಳತೆಯ ಗುಂಡಿಯನ್ನು ಬದುವಿನ ಮೇಲೆ, ಹೊಂಗೆ ಮರದ ಕೆಳಗೆ ತೋಡಿ ಹೋಲಿಸಿ. ನಿಮ್ಮದೇ ಜಮೀನಿನ ಬದುವಿಗಿಂತ ಒಳ್ಳೆಯ ಅಳತೆಗೋಲು ಬೇರೆ ಬೇಡ.

ಇನ್ನೊಂದು ಪರೀಕ್ಷೆಗೆ ಹಳೆಯ ಹತ್ತಿ ಬಟ್ಟೆಯ ಎರಡು ತುಂಡು ಸಾಕು. ಒಂದನ್ನು ಹುಲ್ಲಿನ ಸಾಲಿನಲ್ಲಿ, ಒಂದನ್ನು ಬದುವಿನಲ್ಲಿ ಅರ್ಧ ಅಡಿ ಆಳಕ್ಕೆ ಹೂತು, ಗುರುತಿಗೆ ಕಡ್ಡಿ ನೆಟ್ಟು, ಎರಡು ತಿಂಗಳ ನಂತರ ತೆಗೆಯಿರಿ. ತಿಂದು ಜಾಳಾಗಿದ್ದರೆ ಕೊಳೆಸುವವರು ಕೆಲಸದಲ್ಲಿದ್ದಾರೆ. ಮೇವಿನ ಅಲಸಂದೆ ಬೆಳೆದವರು ನಲವತ್ತು ದಿನಕ್ಕೆ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ, ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ ನೋಡಬಹುದು. ಒಳಗೆ ಕೆಂಪು ಇದ್ದರೆ ಸಾರಜನಕ ಕಟ್ಟುತ್ತಿದೆ. ಬೆಳ್ಳಗೋ ಹಸಿರೋ ಇದ್ದರೆ, ಅಥವಾ ಗಂಟೇ ಇಲ್ಲದಿದ್ದರೆ, ಯೂರಿಯಾ ಹೆಚ್ಚಾಗಿರಬಹುದು ಇಲ್ಲವೇ ಮಣ್ಣು ಹುಳಿಯಾಗಿರಬಹುದು. ಸಾರಜನಕ ಸುಲಭವಾಗಿ ಸಿಗುತ್ತಿದ್ದರೆ ದ್ವಿದಳ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಸಗಣಿಗೆ ಹುಲ್ಲಿನ ದಾರಿ

ಹತ್ತು ಗುಂಟೆಗೆ ವರ್ಷಕ್ಕೆ ಎರಡೂವರೆ ಟನ್, ಅಂದರೆ ಸುಮಾರು ಒಂದು ಟ್ರೇಲರ್ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೇಕು. ಎರಡು ಮೂರು ಹಸು ಇರುವ ಮನೆಯ ತಿಪ್ಪೆಯಲ್ಲಿ ಇದು ಅಸಾಧ್ಯವಲ್ಲ, ತೋಟಕ್ಕೂ ಉಳಿಯುತ್ತದೆ. ಮುಂಗಾರಿಗೆ ಮುಂಚೆ ಅರ್ಧ, ಹಿಂಗಾರಿಗೆ ಅರ್ಧ ಸಾಲುಗಳ ನಡುವೆ ಎಳೆದು ಲಘುವಾಗಿ ಕೊತ್ತಿ ಮುಚ್ಚಿ. ಒಂದು ಟನ್ ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಸುಮಾರು 5 ಕೆ.ಜಿ. ಇದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಹಾಗಾಗಿ ಮೊದಲ ವರ್ಷವೇ ಯೂರಿಯಾ ಪೂರ್ತಿ ನಿಲ್ಲಿಸಿದರೆ ಮೇವು ಕುಸಿಯುತ್ತದೆ, ಕೊಟ್ಟಿಗೆಯ ಹಸುಗಳಿಗೆ ಕಾಯಲು ಹೇಳಲಾಗದು. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹುಲ್ಲಿನ ಬಣ್ಣ ನೋಡಿಕೊಂಡು ಮುಂದುವರಿಯುವುದು ಲೇಸು.

ಕೊಟ್ಟಿಗೆ ತೊಳೆದ ನೀರನ್ನು ಹುಲ್ಲಿಗೆ ಬಿಡುವ ರೂಢಿ ಹಲವು ಮನೆಗಳಲ್ಲಿದೆ. ಅದು ಬಹಳ ಒಳ್ಳೆಯ ರೂಢಿ, ಗಂಜಲದ ಪೊಟ್ಯಾಷ್ ವಾಪಸಾಗುವುದೇ ಆ ದಾರಿಯಲ್ಲಿ. ತೊಂದರೆ ಇರುವುದು ಕಾಲುವೆಯ ಬಾಯಲ್ಲಿ. ಕೊಟ್ಟಿಗೆಗೆ ಹತ್ತಿರದ ನಾಲ್ಕಾರು ಬುಡಗಳು ಆಳೆತ್ತರ ಬೆಳೆದು ಬಾಗಿ ಬಿದ್ದಿರುತ್ತವೆ, ಆಚೆ ತುದಿಯವು ಹಳದಿಗಟ್ಟಿ ನಿಂತಿರುತ್ತವೆ. ಒಂದು ಸಣ್ಣ ತೊಟ್ಟಿಯಲ್ಲಿ ಬಗ್ಗಡ ತುಂಬಿಸಿ, ಪೈಪಿನಲ್ಲಿ ದಿನಕ್ಕೊಂದು ಸಾಲಿಗೆ ಸರದಿ ಹಾಕಿದರೆ ಇದು ಸರಿಹೋಗುತ್ತದೆ. ಗೋಬರ್ ಗ್ಯಾಸ್ ಇರುವವರ ಬಗ್ಗಡಕ್ಕೂ ಇದೇ ಕ್ರಮ.

ಮೂರು ಸಾಲು ನೇಪಿಯರ್‌ಗೆ ಒಂದು ಸಾಲು ದ್ವಿದಳ ಮೇವಾದ ಹೆಡ್ಜ್ ಲೂಸರ್ನ್ ಹಾಕಿಕೊಂಡರೆ ಎರಡನ್ನೂ ಒಟ್ಟಿಗೇ ಕೊಯ್ಯಬಹುದು. ಹಿಂಡಿಯ ಖರ್ಚೂ ಸ್ವಲ್ಪ ಇಳಿಯುತ್ತದೆ. ಬೀಜಕ್ಕೆ ರೈಜೋಬಿಯಂ ಲೇಪಿಸಿ. ಆ ಸಾಲಿಗೆ ಯೂರಿಯಾ ಬೇಡ.

ಮಣ್ಣು ಕೆಂಪಾಗಿದ್ದರೆ ಅಥವಾ ಮಲೆನಾಡು, ಕರಾವಳಿಯ ಜಂಬಿಟ್ಟಿಗೆಯದಾಗಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ರಸಸಾರ ಪರೀಕ್ಷೆ ಮಾಡಿಸಲೇಬೇಕು. ಮಾದರಿ ತೆಗೆಯುವಾಗ ಯೂರಿಯಾ ಬೀಳುವ ಬುಡದ ಮಣ್ಣು ಬೇರೆ, ಸಾಲುಗಳ ನಡುವಿನ ಮಣ್ಣು ಬೇರೆ ಚೀಲದಲ್ಲಿ ಕೊಡಿ; ಎರಡರ ಅಂತರವೇ ಅರ್ಧ ಕತೆ ಹೇಳುತ್ತದೆ. ಸುಣ್ಣ ಬೇಕೆಂದು ಬಂದರೆ ಕೃಷಿ ಸುಣ್ಣವನ್ನೋ ಡೋಲೊಮೈಟನ್ನೋ ಹೇಳಿದ ಪ್ರಮಾಣದಲ್ಲೇ ಹಾಕಿ. ಸುಣ್ಣ, ಯೂರಿಯಾ ಎರಡನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ನಡುವೆ ಕೆಲವು ವಾರಗಳ ಅಂತರ ಇರಲಿ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಸುಣ್ಣದಂಶ ಮೊದಲೇ ಇರುವುದರಿಂದ ಹುಳಿಯ ಭಯ ಕಡಿಮೆ. ಅಲ್ಲಿ ಯೂರಿಯಾ ಮೇಲೆ ಚೆಲ್ಲಿ ಬಿಟ್ಟರೆ ಅರ್ಧ ಗಾಳಿಪಾಲಾಗುವ ಭಯ ಹೆಚ್ಚು. ಮಣ್ಣು ಮುಚ್ಚಿ ಕೂಡಲೇ ನೀರು ಕೊಡಬೇಕು.

ಯೂರಿಯಾ ಹೆಚ್ಚಾದ ಮೇವು ಹಸುವಿಗೂ ಅಪಾಯ. ಬಾಡಿ ನಿಂತ ಜೋಳ, ಮೆಕ್ಕೆಜೋಳ, ನೇಪಿಯರ್ ಮಳೆ ಬಿದ್ದ ಕೂಡಲೇ ನೈಟ್ರೇಟನ್ನು ಒಮ್ಮೆಲೇ ಎಳೆದುಕೊಳ್ಳುತ್ತವೆ, ಅದು ಕಾಂಡದ ಬುಡದಲ್ಲಿ ಶೇಖರವಾಗುತ್ತದೆ. ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಒಯ್ಯಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಸು ಏದುಸಿರು ಬಿಡುತ್ತ ತೂರಾಡಿದರೆ ಕ್ಷಣವೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು, ಇದಕ್ಕೆ ಚುಚ್ಚುಮದ್ದು ಇದೆ. ಒಣಗಿಸಿದರೂ ಈ ನೈಟ್ರೇಟ್ ಹೋಗುವುದಿಲ್ಲ, ರಸಮೇವು ಮಾಡಿದರೆ ಬಹಳಷ್ಟು ತಗ್ಗುತ್ತದೆ. ದಿನಾ ಒಂದೊಂದು ಪಟ್ಟಿ ಕೊಯ್ಯುವವರು ಯೂರಿಯಾವನ್ನು ಆ ದಿನ ಕೊಯ್ದ ಪಟ್ಟಿಗೆ ಮಾತ್ರ ಹಾಕಿದರೆ ಈ ಅಪಾಯ ತಾನಾಗಿ ಕಡಿಮೆಯಾಗುತ್ತದೆ.

ಬುಡ ಹಳೆಯದಾಗಿ ತೆಂಡೆ ಕಡಿಮೆಯಾದಾಗ ಕಿತ್ತು ಮರುನಾಟಿ ಮಾಡುತ್ತೇವಲ್ಲ, ಮಣ್ಣನ್ನು ಆಳದವರೆಗೂ ಸರಿಪಡಿಸಲು ಸಿಗುವ ಅವಕಾಶ ಅದೊಂದೇ. ನಿಂತ ಹುಲ್ಲಿನ ಮೇಲೆ ಹಾಕಿದ ಸುಣ್ಣ ಕೆಳಗಿಳಿಯಲು ವರ್ಷಗಳೇ ಬೇಕು, ಉಳುವಾಗ ಹಾಕಿದ್ದು ಅದೇ ದಿನ ಬೇರಿನ ಮಟ್ಟಕ್ಕೆ ಸೇರುತ್ತದೆ. ತಾಕನ್ನೆಲ್ಲ ಒಟ್ಟಿಗೆ ಕೀಳದೆ ಅರ್ಧ ಮಾತ್ರ ಕಿತ್ತರೆ ಮೇವಿಗೂ ತತ್ವಾರವಾಗುವುದಿಲ್ಲ. ಕಿತ್ತ ಅರ್ಧಕ್ಕೆ ಸುಣ್ಣ ಬೇಕಿದ್ದರೆ ಮೊದಲು ಹಾಕಿ ಉತ್ತು, ಒಂದು ಬೆಳೆ ಮೇವಿನ ಅಲಸಂದೆ ತೆಗೆದು, ಆಮೇಲೆ ತಿಪ್ಪೆ ಗೊಬ್ಬರ ಸೇರಿಸಿ ಹೊಸ ಕಡ್ಡಿ ನೆಡಿ. ಉಳಿದರ್ಧಕ್ಕೆ ಮುಂದಿನ ವರ್ಷ ಕೈಹಾಕುವ ಮೊದಲು ಎರಡೂ ಕಡೆ ಗುದ್ದಲಿ ಹಾಕಿ ಹುಳು ಎಣಿಸಿದರೆ, ಸಗಣಿ ಯಾವ ಕಡೆ ಹೋಗಬೇಕೆಂದು ಮನೆಯಲ್ಲಿ ವಾದ ಮಾಡುವ ಅಗತ್ಯ ಇರುವುದಿಲ್ಲ.